ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿ ಒಂದು ವರ್ಷ

ನಮ್ಮ ಸಮಾಜದ ಮನೆಗಳಲ್ಲಿ ಚಿತ್ರವಿಲ್ಲದ ಗೋಡೆ ಅಪರೂಪವೆಂದೇ ಹೇಳಬೇಕು. ದೇವರ ಜಗಲಿಯ ಮೇಲೆ ಬಸವಣ್ಣನವರ ಹಾಗೂ ಅಕ್ಕಮಹಾದೇವಿಯವರ ಚಿತ್ರ, ಪಡಸಾಲೆಯಲ್ಲಿ ಮಠದ ಪೂಜ್ಯರ ಭಾವಚಿತ್ರ, ಅದರ ಬದಿಗೆ ಮನೆಯ ಹಿರಿಯರದು. ನಿತ್ಯವೂ ಆ ಚಿತ್ರಗಳಿಗೆ ಕೈಮುಗಿಯುತ್ತೇವೆ. ಆದರೆ ಅವುಗಳನ್ನು ಬರೆದ ಕೈ ಯಾರದು, ಆ ಕೈಗೆ ಅನ್ನ ಎಲ್ಲಿಂದ ಬಂದೀತು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾವೂ ಕೇಳಿದವರಲ್ಲ. ನಮ್ಮ ಮಗಳು ಆ ಪ್ರಶ್ನೆಯನ್ನು ಮನೆಯೊಳಗೇ ತಂದಿಟ್ಟಳು.

ನಾವು ದಂಪತಿಗಳು ಮೂಲತಃ ಹಾವೇರಿ ಜಿಲ್ಲೆಯವರು. ನೌಕರಿಯ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿದವರು. 2018ರ ಸಂಕ್ರಾಂತಿಯ ದಿನ, ಪಿ.ಯು.ಸಿ. ಮೊದಲ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದ ಮಗಳು ಎಳ್ಳು-ಬೆಲ್ಲದ ತಟ್ಟೆಯನ್ನು ಕೆಳಗಿಟ್ಟು, "ಅಪ್ಪಾ, ಮುಂದೆ ನಾನು ಚಿತ್ರಕಲೆ ಓದುತ್ತೇನೆ" ಎಂದಳು. ಮನೆ ಸ್ತಬ್ಧವಾಯಿತು. ಊರಿನಿಂದ ಬಂದಿದ್ದ ದೊಡ್ಡಪ್ಪನವರು, "ಚಿತ್ರ ಬರೆದರೆ ಹೊಟ್ಟೆ ತುಂಬೀತೇನವ್ವಾ?" ಎಂದು ಕೇಳಿದರು. ಅವಳಲ್ಲಿ ಉತ್ತರವಿರಲಿಲ್ಲ, ನಿಜ ಹೇಳಬೇಕೆಂದರೆ ನಮ್ಮಲ್ಲೂ ಇರಲಿಲ್ಲ. ತಿಳಿಯದೆ 'ಬೇಡ' ಎನ್ನುವುದು ಅನ್ಯಾಯ, ತಿಳಿಯದೆ 'ಆಗಲಿ' ಎನ್ನುವುದು ಅವಿವೇಕ. ಆದ್ದರಿಂದ ಒಂದು ನಿರ್ಧಾರಕ್ಕೆ ಬಂದೆವು. ವರ್ಷಪೂರ್ತಿ, ತಿಂಗಳಿಗೊಮ್ಮೆ ತಪ್ಪದೆ, ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗುವುದು; ಅಲ್ಲಿ ಪ್ರದರ್ಶನವಿಟ್ಟ ಕಲಾವಿದರನ್ನು ಕಂಡು ಮಾತನಾಡಿಸುವುದು; ಅನಂತರ ತೀರ್ಮಾನ ಮಾಡುವುದು.

ಆ ಸ್ಥಳವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಖಾಸಗಿ ಗ್ಯಾಲರಿಗಳಲ್ಲಿ ಹೆಸರಾದವರ ಕೃತಿಗಳಿಗೆ ಮಣೆ. ಸರ್ಕಾರದ ಈ ಚಿತ್ರಶಾಲೆಯಲ್ಲಾದರೋ ಅರ್ಜಿ ಸಲ್ಲಿಸಿ, ಅಲ್ಪ ಬಾಡಿಗೆ ಕಟ್ಟಿ, ಹೆಸರಿಲ್ಲದ ಕಲಾವಿದನೂ ಕೆಲವು ದಿನಗಳ ಮಟ್ಟಿಗೆ ಒಂದು ಗೋಡೆಯನ್ನು ತನ್ನದಾಗಿಸಿಕೊಳ್ಳಬಹುದಾಗಿತ್ತು. 2015ರಲ್ಲಿ ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದವಾದಾಗ ನಾಡಿನ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು; ಕೊನೆಗೆ ಆ ಪ್ರಸ್ತಾಪ ಕೈಬಿಟ್ಟುಹೋಯಿತು. ಗೋಡೆಯೊಂದಕ್ಕಾಗಿ ಇಷ್ಟು ಜನ ಏಕೆ ಹೋರಾಡಿದರೆಂಬುದು ಆಗ ಪತ್ರಿಕೆಯಲ್ಲಿ ಓದಿದ ನಮಗೆ ಅರ್ಥವಾಗಿರಲಿಲ್ಲ. ಆ ವರ್ಷ ಅರ್ಥವಾಯಿತು.

ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ಮಳೆಮರಗಳ ನೆರಳಿನ ಹಾದಿಯಲ್ಲಿ ನಡೆದು ಹೋದರೆ ಮೊದಲು ಕಣ್ಣಿಗೆ ಬೀಳುವುದು ಕೆಂಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಸ್ಥಾಪನೆಯಾದ ಈ ಸಂಗ್ರಹಾಲಯದಲ್ಲಿ ಹತ್ತನೆಯ ಶತಮಾನದ ಆತಕೂರು ವೀರಗಲ್ಲಿದೆ. ಕಾಡುಹಂದಿಯೊಡನೆ ಸೆಣಸಿ ಮಡಿದ 'ಕಾಳಿ' ಎಂಬ ನಾಯಿಯ ನೆನಪನ್ನು ಉಳಿಸಿದ ಕಲ್ಲು ಅದು. ಪ್ರತಿ ಭೇಟಿಯಲ್ಲೂ ಮಗಳು ಅದರ ಮುಂದೆ ಕ್ಷಣಕಾಲ ನಿಲ್ಲುತ್ತಿದ್ದಳು. ಸಾವಿರ ವರ್ಷದ ಹಿಂದೆ ಸತ್ತ ನಾಯಿಯ ಹೆಸರು ನಮಗೆ ತಿಳಿದಿದೆ. ಅದನ್ನು ಕಲ್ಲಿನಲ್ಲಿ ಕಡೆದವನ ಮುಖವನ್ನು ಬಲ್ಲವರಿಲ್ಲ.

ಸಂಗ್ರಹಾಲಯದ ನೆರೆಯಲ್ಲೇ ಚಿತ್ರಶಾಲೆ. ಇದು ಕೆ. ವೆಂಕಟಪ್ಪನವರ (1886–1965) ಸ್ಮರಣೆಯ ಮನೆ. ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಇವರು ಮೈಸೂರು ಅರಸರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು; ನಂದಲಾಲ ಬೋಸರ ಸಹಪಾಠಿಗಳು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದರು. ಅವಿವಾಹಿತರಾಗಿಯೇ ಉಳಿದು ಕಲೆಗಾಗಿ ಬಾಳಿದರು. ಅವರು ಬರೆದ ಉದಕಮಂಡಲದ ಜಲವರ್ಣ ಚಿತ್ರಗಳೆದುರು ನಿಂತಾಗ ಗುಡ್ಡದ ಮೇಲಿನ ಮಂಜು ಇನ್ನೇನು ಕರಗಿತೆನ್ನುವಂತೆ ಭಾಸವಾಗುತ್ತದೆ. ಉಡುಪಿಯ ಸೀಮೆಯಲ್ಲಿ ಹುಟ್ಟಿ ದೇಶದಲ್ಲೆಲ್ಲ ಹೆಸರಾದ ಕೆ.ಕೆ. ಹೆಬ್ಬಾರರ ಕೃತಿಗಳಿಗೂ ಇಲ್ಲಿ ಎಡೆ ದೊರೆತಿದೆ. ಈ ಹಿರಿಯರ ಕೃತಿಗಳಿರುವ ಸೂರಿನಡಿಯಲ್ಲಿಯೇ ಹೊಸಬರಿಗೂ ಜಾಗವಿತ್ತೆಂಬುದು ಚಿತ್ರಶಾಲೆಯ ಹಿರಿಮೆ.

ಫೆಬ್ರುವರಿಯ ಭೇಟಿಯಲ್ಲಿ ನಮಗೆ ಸಿಕ್ಕವರು ಗದಗ ಸೀಮೆಯ ನಿವೃತ್ತ ಚಿತ್ರಕಲಾ ಶಿಕ್ಷಕರು. ಮೂವತ್ತು ಜಲವರ್ಣ ಚಿತ್ರಗಳನ್ನು ಚಾದರದಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತಂದಿದ್ದರು. ಎರೆಹೊಲ, ಜೋಳದ ಬಣವೆ, ಸಂತೆಗೆ ಹೊರಟ ಚಕ್ಕಡಿ: ಎಲ್ಲವೂ ನಾವು ಕಂಡದ್ದೇ, ಆದರೆ ಹೀಗೆ ನಿಂತು ಎಂದೂ ನೋಡದ್ದು. "ಎಷ್ಟು ಮಾರಾಟವಾದವು, ಮಾಸ್ತರರೇ?" ಎಂದು ಕೇಳಿದೆವು. "ಮಾರಾಕಂತ ಬಂದಿಲ್ರಿ, ತೋರಸಾಕ ಬಂದೀನಿ" ಎಂದು ನಕ್ಕರು. ಮಗಳನ್ನು ಹತ್ತಿರ ಕರೆದು, ಜಲವರ್ಣದಲ್ಲಿ ಬಿಸಿಲನ್ನು ಬಣ್ಣದಿಂದ ಬರೆಯುವುದಿಲ್ಲ, ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟು ಬಿಸಿಲು ಮಾಡುತ್ತಾರೆಂದು ತೋರಿಸಿದರು. ಎಲ್ಲಿ ಮುಟ್ಟಬಾರದೆಂದು ತಿಳಿಯಲು ತಮಗೆ ಇಪ್ಪತ್ತು ವರ್ಷ ಹಿಡಿಯಿತೆಂದೂ ಹೇಳಿದರು.

ಏಪ್ರಿಲಿನಲ್ಲಿ ಕಂಡದ್ದು ನಾಲ್ವರು ಯುವಕರ ಅಚ್ಚುಕಲೆ. ಮರದ ಹಲಗೆಯನ್ನು ಉಳಿಯಿಂದ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ '3/10' ಎಂಬಂತಹ ಅಂಕಿ. ಹತ್ತು ಪ್ರತಿಗಳಲ್ಲಿ ಇದು ಮೂರನೆಯದೆಂದು ಅದರ ಅರ್ಥ. ಒಂದೇ ಚಿತ್ರಕ್ಕೆ ಹತ್ತು ಪ್ರತಿಗಳಿರುವುದರಿಂದ ಬೆಲೆಯೂ ಸಾಮಾನ್ಯ ಸಂಸಾರಕ್ಕೆ ಎಟುಕುವಂತಹದು. ಕಟ್ಟು ಹಾಕಿಸುವ ಖರ್ಚನ್ನು ನಾಲ್ವರೂ ಹಂಚಿಕೊಂಡಿದ್ದರು. ಒಬ್ಬನು ರಾತ್ರಿ ವೇಳೆ ಅಂಗಡಿಗಳ ನಾಮಫಲಕ ಬರೆಯುತ್ತಿದ್ದನು.

ಮೇ ತಿಂಗಳ ಭೇಟಿ ನಮ್ಮ ಮನಸ್ಸನ್ನು ಬಹಳ ಕಲಕಿತು. ಉದ್ಯಾನದಲ್ಲಿ ಗುಲ್‌ಮೊಹರ್ ಕೆಂಪಗೆ ಅರಳಿತ್ತು. ಒಳಗೆ ಒಬ್ಬ ಹೆಣ್ಣುಮಗಳು ತನ್ನ ತೈಲವರ್ಣ ಚಿತ್ರಗಳ ನಡುವೆ ಕುರ್ಚಿ ಹಾಕಿಕೊಂಡು ಒಬ್ಬಳೇ ಕುಳಿತಿದ್ದಳು. ಅಭಿಪ್ರಾಯ ಬರೆಯುವ ಪುಸ್ತಕವನ್ನು ತೆರೆದರೆ ನಾಲ್ಕು ದಿನಗಳಲ್ಲಿ ಹನ್ನೊಂದೇ ಸಹಿಗಳು. "ಬೇಸರವಾಗುವುದಿಲ್ಲವೇ, ತಂಗಿ?" ಎಂದು ನಮ್ಮ ಮನೆಯವರು ಕೇಳಿದರು. "ಆಗುತ್ತದೆ ಅಕ್ಕಾ. ಆದರೆ ಮನೆಯಲ್ಲಿದ್ದರೆ ಈ ಚಿತ್ರಗಳನ್ನು ನಾನೊಬ್ಬಳೇ ನೋಡುತ್ತಿದ್ದೆ. ಇಲ್ಲಿ ಹನ್ನೊಂದು ಜನ ನೋಡಿದ್ದಾರೆ" ಎಂದಳು. ನಾವು ಮೂವರೂ ಸಹಿ ಹಾಕಿದೆವು, ಹದಿನಾಲ್ಕಾಯಿತು. ಆ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ. ಮಗಳ ಮುಂದಿನ ಬಾಳು ಆ ಕುರ್ಚಿಯಲ್ಲಿ ಕುಳಿತಿದ್ದಂತೆ ನಮಗೆ ತೋರಿತ್ತು. 'ಬೇಡ' ಎಂದು ಹೇಳಿಬಿಡೋಣವೆಂದು ಅಂದು ರಾತ್ರಿ ನಾವಿಬ್ಬರೂ ಮಾತನಾಡಿಕೊಂಡದ್ದುಂಟು. ಆದರೆ ಕೊಟ್ಟ ಮಾತು ಒಂದು ವರ್ಷದ್ದು.

ಶ್ರಾವಣದಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳು ಬಂದವು. ಸಫೇದಕ್ಕೆ ಅಂಟು ಬೆರೆಸಿ ಆಭರಣಗಳಿಗೆ ಉಬ್ಬು ಕೊಡುವುದು, ಅದರ ಮೇಲೆ ಬಂಗಾರದ ರೇಕು ಕೂರಿಸುವುದು, ಕೂದಲಿನಷ್ಟು ಸಣ್ಣ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುವುದು, ಇವನ್ನೆಲ್ಲ ವಯೋವೃದ್ಧ ಕಲಾವಿದರು ಮಕ್ಕಳಿಗೆ ಹೇಳುವಂತೆ ಹೇಳಿದರು. ಅಕ್ಟೋಬರಿನಲ್ಲಿ ಕಂಡದ್ದು ಹಳೆಯ ಕೌದಿಯ ತುಂಡುಗಳು ಮತ್ತು ತುಕ್ಕು ಹಿಡಿದ ನೇಗಿಲ ಕುಳಗಳನ್ನು ಜೋಡಿಸಿ ನೆಲದ ಮೇಲಿಟ್ಟ ಕೃತಿ. ನಮಗೆ ಅದು ಅರ್ಥವಾಗಲಿಲ್ಲವೆಂದು ಆ ಕಲಾವಿದನಿಗೇ ಹೇಳಿದೆವು. ಅವನು ಮುನಿಯಲಿಲ್ಲ. "ಈ ಕೌದಿ ನಮ್ಮ ಅಜ್ಜಿಯದು, ಕುಳ ನಮ್ಮ ಹೊಲದ್ದು. ಹೊಲ ಮಾರಿದೆವು" ಎಂದಷ್ಟೇ ನುಡಿದನು. ಆಮೇಲೆ ಅರ್ಥ ಕೇಳುವ ಅಗತ್ಯ ನಮಗೆ ತೋರಲಿಲ್ಲ.

ಡಿಸೆಂಬರಿನ ಕೊನೆಯ ಭೇಟಿಯಲ್ಲಿ ಏಪ್ರಿಲಿನ ಆ ನಾಮಫಲಕದ ಯುವಕ ಮತ್ತೆ ಸಿಕ್ಕನು. ಗುಂಪು ಪ್ರದರ್ಶನವೊಂದರಲ್ಲಿ ಅವನ ಎರಡು ಕೃತಿಗಳಿದ್ದವು. ಕಲ್ಲು ಒಡೆಯುವವರ ಚಿತ್ರದ ಒಂದು ಪ್ರತಿಯನ್ನು ನಾವು ಕೊಂಡೆವು. ಹಬ್ಬಕ್ಕೆ ಸೀರೆಯೊಂದನ್ನು ಕೊಳ್ಳುವಷ್ಟೇ ಹಣ. ಮಾರಾಟವಾಯಿತೆಂಬುದಕ್ಕೆ ಚಿತ್ರದ ಪಕ್ಕ ಕೆಂಪು ಬೊಟ್ಟು ಅಂಟಿಸುವ ರೂಢಿಯಿದೆ. ಅಂದು ಅದನ್ನು ಅಂಟಿಸುವಾಗ ಆ ಯುವಕನ ಕೈ ನಡುಗಿತು. ಅದು ಅವನ ಮೊದಲ ಬೊಟ್ಟಂತೆ.

ಮನೆಗೆ ಬಂದು ಆ ಚಿತ್ರವನ್ನು ಪಡಸಾಲೆಯಲ್ಲಿ ಹಿರಿಯರ ಭಾವಚಿತ್ರದ ಬದಿಗೆ ತೂಗುಹಾಕಿದೆವು. ದೊಡ್ಡಪ್ಪನವರ ಪ್ರಶ್ನೆಗೆ ಅಷ್ಟರಲ್ಲಿ ಉತ್ತರ ಸಿಕ್ಕಿತ್ತು. ಚಿತ್ರದಿಂದಲೇ ಹೊಟ್ಟೆ ತುಂಬಿಸಿಕೊಂಡವರನ್ನು ನಾವು ಕಂಡದ್ದು ಕಡಿಮೆ. ಬಹುಪಾಲು ಜನ ಪಾಠ ಹೇಳಿ, ಫಲಕ ಬರೆದು ಬದುಕಿದವರು. ಆದರೆ ಮಾಡುವ ಕೆಲಸದಲ್ಲಿ ಕಪಟವಿದ್ದ ಒಬ್ಬರನ್ನೂ ಕಾಣಲಿಲ್ಲ. ಕಾಯಕವೆಂಬ ಮಾತನ್ನು ದಿನವೂ ಆಡುವ ನಾವು ಅದನ್ನು ಆ ಗೋಡೆಗಳ ಮೇಲೆ ಕಣ್ಣಾರೆ ಕಂಡೆವು. 2019ರಲ್ಲಿ ಮಗಳ ದೃಶ್ಯಕಲಾ ಪದವಿಯ ಅರ್ಜಿಗೆ ಸಹಿ ಹಾಕಿದೆವು. ಇಂದು ಅವಳು ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಭಾನುವಾರಗಳು ಅವಳ ಕುಂಚಕ್ಕೆ ಮೀಸಲು.

ಓದುಗ ಬಾಂಧವರಲ್ಲಿ ನಮ್ಮದೊಂದು ವಿನಂತಿ. ತಮ್ಮ ಊರಿನ ಕಲಾಮಂದಿರದಲ್ಲಿಯೋ ಶಾಲೆಯ ಸಭಾಂಗಣದಲ್ಲಿಯೋ ಸ್ಥಳೀಯ ಕಲಾವಿದರ ಪ್ರದರ್ಶನ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಕೊಳ್ಳದಿದ್ದರೂ ಚಿಂತೆಯಿಲ್ಲ. ಹತ್ತು ನಿಮಿಷ ನಿಂತು ನೋಡಿ, ಪುಸ್ತಕದಲ್ಲಿ ಹೆಸರು ಬರೆದು ಬನ್ನಿರಿ. ಹನ್ನೊಂದು ಹದಿನಾಲ್ಕಾದಾಗ ಆ ಹೆಣ್ಣುಮಗಳ ಮುಖದಲ್ಲಿ ಮೂಡಿದ ಬೆಳಕನ್ನು ನಾವು ಇಂದಿಗೂ ಮರೆತಿಲ್ಲ.