ಬಲಪಕ್ಕೆಯ ಭಾರ

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ, ಬಲಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗಾದರೆ ನೀವೇನು ಮಾಡುತ್ತೀರಿ? ಓಮದ ಕಷಾಯ ಕುಡಿಯುತ್ತೀರಿ, ಅಲ್ಲವೇ? ನಾನೂ ಅದನ್ನೇ ಮಾಡಿದೆ. ನಮ್ಮ ಸುಂಟಿಕೊಪ್ಪದಲ್ಲಿ ಆಗ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ಮಲಗಲು ಯಾವ ಗೃಹಿಣಿಗೆ ಪುರುಸೊತ್ತು? ಪಕ್ಕದ ಮನೆಯ ಅಕ್ಕ "ಗ್ಯಾಸ್ಟ್ರಿಕ್ ಮಾರಾಯ್ತಿ, ಪಂದಿಕರಿ ಬಿಡು" ಅಂದರು. ಬಿಟ್ಟೆ. ಭಾರ ನನ್ನನ್ನು ಬಿಡಲಿಲ್ಲ.

ಯುಗಾದಿ ಕಳೆದ ಮೇಲೆ ಮಡಿಕೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಪಿತ್ತಜನಕಾಂಗದಲ್ಲಿ 7 ಸೆಂಟಿಮೀಟರಿನ ಗೆಡ್ಡೆ! ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ಒಂದು ಮಾತೂ ಆಡಲಿಲ್ಲ. ಅಂದು ರಾತ್ರಿ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟೆ: ಯಾವ ಬಳೆ ಯಾವ ಮಗಳಿಗೆ, ಚೀಟಿಯ ಹಣ ಯಾರಿಂದ ಬರಬೇಕು. ನಗಬೇಡಿ.

ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಇದು ಹೆಮಾಂಜಿಯೋಮ. ರಕ್ತನಾಳಗಳು ಹೆಣೆದುಕೊಂಡ ಗಂಟು ಅಷ್ಟೆ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ" ಎಂದರು. ಲಿವರಿನ ನಿರಪಾಯದ ಗೆಡ್ಡೆಗಳಲ್ಲಿ ಇದೇ ಹೆಚ್ಚು, ಅದೂ ಹೆಂಗಸರಲ್ಲಿ. ಬಹಳ ಮಂದಿಗೆ ಯಾವ ಸೂಚನೆಯೂ ಇರುವುದಿಲ್ಲ. ಬೇರೇನಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುತ್ತದೆ. 5 ಸೆಂಟಿಮೀಟರ್ ಮೀರಿ ಬೆಳೆದರೆ ಕೆಲವರಿಗೆ ನನ್ನ ಹಾಗೆ ಭಾರ, ಬೇಗ ಹೊಟ್ಟೆ ತುಂಬುವುದು, ವಾಕರಿಕೆ.

ಆಮೇಲೆ ಕೇಳಿದರು, "ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಿರಾ?" ಯಜಮಾನರು ಕಿಟಕಿಯ ಕಡೆ ನೋಡಿದರು. ಸಂಕೋಚದ ಮಾತಲ್ಲ ಇದು, ಕೇಳಿ. ಅಡಿನೋಮ ಎಂಬ ಇನ್ನೊಂದು ಗೆಡ್ಡೆಯಿದೆ, ಅಪರೂಪದ್ದು. ವರ್ಷಗಟ್ಟಲೆ ಆ ಮಾತ್ರೆ ತೆಗೆದುಕೊಂಡವರಲ್ಲಿ ಅದು ಬರುವ ಸಂಭವ ಹೆಚ್ಚೆಂದು ವೈದ್ಯರು 1973ರಲ್ಲೇ ಗುರುತಿಸಿದ್ದರು. ದೊಡ್ಡದಾದರೆ ಒಳಗೇ ಒಡೆದು ರಕ್ತ ಹರಿಯಬಹುದು. ಹಾಗೆಂದು ಹೆದರಿ ಮಾತ್ರೆ ಎಸೆಯಬೇಡಿ, ಡಾಕ್ಟರನ್ನು ಕೇಳಿ. ಆದರೆ ಹೊಟ್ಟೆಯ ಬಲಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಬೆವರು, ತಲೆಸುತ್ತು ಬಂದರೆ ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ತಡಮಾಡುವ ವಿಷಯಗಳಲ್ಲ.

ನನಗೆ ಆಪರೇಷನ್ ಬೇಡವೆಂದರು. ಹೇಳಿದಾಗ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಕಂತೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು ಉಣ್ಣುತ್ತೇನೆ, ಭಾರ ತಡೆಯಬಹುದು. ಪಂದಿಕರಿಯೂ ಮನೆಗೆ ವಾಪಸು ಬಂದಿದೆ.

ಮೊನ್ನೆ ಆ ಹಾಳೆ ಹರಿಯೋಣವೆಂದು ಪುಸ್ತಕ ತೆಗೆದೆ. ನನ್ನ ಬರಹದ ಕೆಳಗೆ ಯಜಮಾನರ ಅಕ್ಷರ: "ಚೀಟಿಯ ಹಣ ಬಂದಿದೆ. ಬಳೆಯ ವಿಷಯ ನೀನೇ ನೋಡಿಕೋ." ಎಂದು ಓದಿದ್ದರೋ ಏನೋ, ನಾನು ಕೇಳಿಲ್ಲ.