ರಿಜಿಸ್ಟರಿನಲ್ಲಿ ನಮ್ಮವರ ಹೆಸರು

2020ರ ಮೇ ತಿಂಗಳು, ಕೊರೊನಾ ಕಾಲ. ಮುಂಬೈ, ಪುಣೆ ಕಡೆ ಗುಳೆ ಹೋಗಿದ್ದವರು ಯಾದಗಿರಿ ಜಿಲ್ಲೆಗೆ ಹಿಂಡುಹಿಂಡಾಗಿ ವಾಪಸ್ ಬರುತ್ತಿದ್ದರು. ನಾನು ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಬಂದವರನ್ನೆಲ್ಲ ಊರ ಶಾಲೆಯಲ್ಲಿ ಇರಿಸಿದ್ದರು. ದಿನಾ ಹೋಗಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಮುಂಬೈಯಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ನಮ್ಮವರೂ ಆ ಶಾಲೆಯಲ್ಲೇ ಇದ್ದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಅವತ್ತು ಕರೆಯಲೇಬೇಕಾಯಿತು. ಕಿಟಕಿಯಾಚೆ ನಿಂತು ರಿಜಿಸ್ಟರ್ ನೋಡಿ ಕೂಗಿದೆ. ಅವರು ಎದ್ದು ನಿಂತು, ‘ಜ್ವರ ಇಲ್ರೀ’ ಅಂದರು, ಪರವೂರಿನವರಿಗೆ ಹೇಳಿದ ಹಾಗೆ. ನಾನು ಬರೆದುಕೊಂಡು ಮುಂದಿನ ಹೆಸರಿಗೆ ಹೋದೆ.

ಮನೆಗೆ ಬಂದರೆ ಬಚ್ಚಲಲ್ಲೇ ಸೀರೆ ಬದಲಿಸಬೇಕು. ಮಲಗುವುದು ಹೊರಗಿನ ಪಡಸಾಲೆಯಲ್ಲಿ, ಒಬ್ಬಳೇ. ನಾಲ್ಕು ವರ್ಷದ ಮಗಳು ಹೊಸ್ತಿಲಲ್ಲಿ ನಿಂತು, ‘ಅವ್ವಾ, ಒಂದ ಸಲ ಎತ್ಗೋ’ ಎಂದು ಅಳುವಳು. ಅತ್ತಿ ಅವಳ ರಟ್ಟೆ ಹಿಡಿದುಕೊಂಡು ನಿಲ್ಲುವರು. ಊರಲ್ಲಿ ಕೆಲವರು, ‘ನೀ ಬಂದ್ರನೇ ರೋಗ ಬರ್ತದ, ಬಾಗಲಕ್ಕ ಬರಬ್ಯಾಡ’ ಅಂದರು. ಅದನ್ನು ಹೇಗೋ ತಡೆದುಕೊಂಡೆ. ಮಗಳ ಅಳುವನ್ನು ತಡೆದುಕೊಳ್ಳಲಾಗಲಿಲ್ಲ.

ಒಂದು ರಾತ್ರಿ ಮಗಳಿಗೇ ಮೈ ಸುಡುತ್ತಿತ್ತು. ಅದೇ ಹೊತ್ತಿಗೆ ಫೋನ್ ಬಂತು. ಊರಾಚೆಯ ಹೊಲದ ಗುಡಿಸಲಲ್ಲಿ ಚೊಚ್ಚಲ ಬಸುರಿಗೆ ಬ್ಯಾನಿ ಶುರುವಾಗಿತ್ತು. ಅವಳ ತಾಯಿ ಕಾರ್ಡ್ ಮಾಡಿಸಿದವಳು ನಾನು, 108ಕ್ಕೆ ಫೋನ್ ಹಚ್ಚಬೇಕಾದವಳೂ ನಾನೇ. ಕಾಲು ಏಳಲಿಲ್ಲ. ಅತ್ತಿ ಒದ್ದೆ ಬಟ್ಟೆ ಹಿಂಡುತ್ತ ಹೇಳಿದರು: ‘ಹೋಗಿ ಬಾ. ಈಕಿನ್ನ ನಾ ನೋಡ್ಕೊಂತೀನಿ. ಆಕಿಗೆ ಯಾರ ಅದಾರ?’ ಸುರಪುರದ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆರಿಗೆ ಆಯಿತು. ಮಗಳ ಜ್ವರ ಇಳಿದ ಸುದ್ದಿ ಬರುವವರೆಗೂ ಕಾರಿಡಾರಿನಲ್ಲಿ ನಿಂತೇ ಇದ್ದೆ. ಆ ರಾತ್ರಿಯ ಸಂಕಟ ಇವತ್ತಿಗೂ ಮೈಯಲ್ಲಿದೆ.

ಸರ್ಕಾರದ ಲೆಕ್ಕದಲ್ಲಿ ನಾವು ನೌಕರರಲ್ಲ, ಸ್ವಯಂಸೇವಕಿಯರು. ಸಂಬಳವಿಲ್ಲ, ಇರುವುದು ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೆಲಸಕ್ಕೆ ಹೊತ್ತು ಗೊತ್ತಿಲ್ಲದ ಮೇಲೆ ರಜೆಯ ಮಾತೆಲ್ಲಿ? ಆ ಜುಲೈನಲ್ಲೇ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಗೌರವಿಸಿತು. ಸಂತೋಷವಾಯಿತು, ಆದರೆ ರಾತ್ರಿ ಫೋನ್ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ದುಡ್ಡು ಬೇಕೇ ಬೇಕು. ಅದರ ಜೊತೆ ವಾರಕ್ಕೊಂದು ದಿನ ನಮ್ಮದಾಗಬೇಕು ಎಂಬುದು ನನ್ನ ಗಟ್ಟಿ ಮಾತು.

ಅದು ಸಿಗುವವರೆಗೆ ಮನೆಯಲ್ಲೇ ವ್ಯವಸ್ಥೆ ಮಾಡಿಕೊಂಡಿದ್ದೇವೆ. ನಮ್ಮವರು ಮತ್ತೆ ಗುಳೆ ಹೋಗಲಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿರುವ ಕಡೆ ಭತ್ತದ ಗದ್ದೆ ಪಾಲಿಗೆ ಹಿಡಿದಿದ್ದಾರೆ. ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುವುದು ಅವರೇ. ರೊಟ್ಟಿ ಬಡಿಯುವುದು ಇನ್ನೂ ಬರುವುದಿಲ್ಲ, ಪುಂಡಿಪಲ್ಯ ಮಾತ್ರ ನನಗಿಂತ ಚೆಂದ ಮಾಡುತ್ತಾರೆ. ರಾತ್ರಿ ಊಟದ ಹೊತ್ತಿಗೆ ಫೋನ್ ಅತ್ತಿ ಕೈಯಲ್ಲಿ. ಹೆರಿಗೆ, ಹಾವು ಕಡಿತ ಅಂದರಷ್ಟೇ ನನಗೆ ಕೊಡುತ್ತಾರೆ. ಸರ್ವೆ, ರಿಪೋರ್ಟು ಅಂದರೆ, ‘ನಾಳೆ ಮುಂಜಾನೆ ಮಾಡ್ರಿ’ ಎಂದು ಇಟ್ಟುಬಿಡುತ್ತಾರೆ. ಮೊದಮೊದಲು ಮೇಲಿನವರು ಬೈದರು. ಈಗ ರೂಢಿಯಾಗಿದೆ.

ಪಕ್ಕದ ಓಣಿಯ ಆಶಾ ಅಕ್ಕನೂ ನಾನೂ ಭಾನುವಾರಗಳನ್ನು ಹಂಚಿಕೊಂಡಿದ್ದೇವೆ. ಒಂದು ವಾರ ಅವಳ ಮನೆಗಳನ್ನು ನಾನು ನೋಡುತ್ತೇನೆ, ಮುಂದಿನ ವಾರ ನನ್ನವನ್ನು ಅವಳು. ಈ ವಾರ ಸರದಿ ನನ್ನದು. ಅವಳ ಓಣಿಯಲ್ಲಿ ದಿನ ತುಂಬಿದವರು ಇಬ್ಬರಿದ್ದಾರೆ.