ಹತ್ತು ಕೊಡದ ಗೆರೆ

ಕಾಲೇಜಿನಲ್ಲಿ ಹಳಗನ್ನಡ ಛಂದಸ್ಸನ್ನು ಬೋಧಿಸುವವನಿಗೆ ಲೆಕ್ಕ ಬಾರದೆಂದು ಯಾರೂ ಹೇಳಲಾರರು. ಮಾತ್ರೆ ಎಣಿಸುವುದು, ಗಣ ವಿಂಗಡಿಸುವುದು ನನ್ನ ಹೊಟ್ಟೆಪಾಡು. ಆದರೂ ಮಳೆನೀರಿನ ತೊಟ್ಟಿಗೊಂದು ಪಂಪು ಕೊಳ್ಳಲು ಹೊರಟ ದಿನ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ನಾವಿರುವುದು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ. ಮನೆ ಚಿಕ್ಕದು, ಹಿತ್ತಿಲು ಅದಕ್ಕಿಂತಲೂ ಚಿಕ್ಕದು. ಒಂದು ಪಾರಿಜಾತ, ಒಂದು ಕರಿಬೇವು, ಬಚ್ಚಲ ಮಗ್ಗುಲಿಗೆ ನಾಲ್ಕು ಬಾಳೆ, ಮೂಲೆಯಲ್ಲಿ ಎರಡು ದುಂಡುಮಲ್ಲಿಗೆಯ ಪೊದೆ. ಮಲ್ಲಿಗೆ ನನ್ನ ತಾಯಿ ನೆಟ್ಟದ್ದು. ಆಕೆ ಹೋದಂದಿನಿಂದ ಗಿಡಗಳಿಗೆ ನೀರೆರೆಯುವ ಅಧಿಕಾರ ತಂದೆಯವರದು. ಅದರಲ್ಲಿ ಪಾಲು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

2024ರ ಬೇಸಗೆ ಓದುಗರಿಗೆ ನೆನಪಿರಬಹುದು. ಆ ಮಾರ್ಚಿನಲ್ಲಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ತಪ್ಪೆನ್ನುವಂತಿರಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿಯನ್ನು ಬಾಳೆಯ ಬುಡಕ್ಕೆ ಸುರಿಯುವುದು ಯಾವ ನ್ಯಾಯ? ಆದರೆ ಬಾಳೆಗೆ ನ್ಯಾಯ ತಿಳಿಯದು. ನಾಲ್ಕರಲ್ಲಿ ಎರಡು ಒಣಗಿದವು. ಮಲ್ಲಿಗೆಯೂ ಬಾಡತೊಡಗಿದಾಗ ತಂದೆಯವರು ತಮ್ಮ ಸ್ನಾನದ ನೀರನ್ನೇ ಅರ್ಧಕ್ಕಿಳಿಸಿ, ಉಳಿದದ್ದನ್ನು ಅದರ ಬುಡಕ್ಕೆರೆದರು.

ಆ ವರ್ಷವೇ 6000 ಲೀಟರಿನ ನೆಲತೊಟ್ಟಿ ಕಟ್ಟಿಸಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಳಿಗೆ 90 ಚದರ ಮೀಟರ್. 10 ಮಿಲಿಮೀಟರಿನ ಒಂದು ಹದಮಳೆಗೆ, ಹೀರಿದ್ದು ಚೆಲ್ಲಿದ್ದು ಕಳೆದರೂ, 700 ಲೀಟರಿಗೆ ಮೋಸವಿಲ್ಲ. ತೊಟ್ಟಿ ತುಂಬಿತು. ತಂದೆಯವರು ಹಗ್ಗ ಕಟ್ಟಿದ ಬಿಂದಿಗೆಯಿಂದ ಸೇದಿ ಸೇದಿ ದಿನಕ್ಕೆ ಹತ್ತು ಕೊಡ ಎರೆಯತೊಡಗಿದರು. ಒಂದು ಬೆಳಗ್ಗೆ, ಬಗ್ಗಿದವರಿಗೆ ತಲೆ ಸುತ್ತಿ ತೊಟ್ಟಿಯ ಬಾಯಿಯ ಮೇಲೆಯೇ ವಾಲಿದರು. ಹೂ ಬಿಡಿಸುತ್ತಿದ್ದ ನನ್ನಾಕೆ ಓಡಿಬಂದು ಹಿಡಿಯದಿದ್ದರೆ ಏನಾಗುತ್ತಿತ್ತೋ! ಅವರಿಗೆ ಈಗ 78.

ಅಂದೇ ಸಂಜೆ ಅಂಗಡಿಗೆ ಹೋದೆ.

“ಹೆಡ್ ಎಷ್ಟು ಸಾರ್?” ಎಂದು ಅಂಗಡಿಯವನು ಕೇಳಿದ. ನನ್ನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕೆಂಬುದೇ ಆ ಪ್ರಶ್ನೆಯ ಅರ್ಥವೆಂದು ಆಮೇಲೆ ತಿಳಿಯಿತು. “ಯಾವುದಕ್ಕೂ ಒಂದು ಎಚ್‌ಪಿ ತೆಗೆದುಕೊಳ್ಳಿ, ನಿಮಿಷಕ್ಕೆ 60 ಲೀಟರ್ ಚಿಮ್ಮುತ್ತದೆ” ಎಂದ. ಒಂದು ಕುದುರೆಯ ಬಲ, 746 ವಾಟ್, ನಮ್ಮ ಹಿತ್ತಿಲಿಗೆ! ಹೆಮ್ಮೆಯಿಂದ ಮನೆಗೆ ಬಂದು ವರದಿ ಒಪ್ಪಿಸಿದೆ.

ತಂದೆಯವರು ಕನ್ನಡಕ ತೆಗೆದು ಕೇಳಿದರು: “ತೊಟ್ಟಿ ಎಷ್ಟು ಹೊತ್ತಿನಲ್ಲಿ ಬರಿದಾಗುತ್ತದೆ?”

ಲೆಕ್ಕ ಹಾಕಿದೆ, ನೂರು ನಿಮಿಷ. ಕೊಡಕ್ಕೆ 15 ಲೀಟರಿನಂತೆ ದಿನಕ್ಕೆ 150 ಲೀಟರ್ ಎರೆಯುವ ಅವರಿಗೆ ಅದೇ ನೀರು 40 ದಿನ ಬರುತ್ತಿತ್ತು. “ಕೊಡ ಎತ್ತಿದವನಿಗೆ ಎಷ್ಟು ಎತ್ತಿದೆನೆಂಬುದು ತೋಳಿಗೇ ಗೊತ್ತಾಗುತ್ತದೆ. ನಿನ್ನ ಕುದುರೆಗೆ ಅದು ಹೇಗೆ ಗೊತ್ತಾಗಬೇಕು?” ಎಂದರು. ನಾನು ನಿರುತ್ತರನಾದೆ. ಹಗ್ಗ ಅವರ ಕೈಗೆ ಮತ್ತೆ ಕೊಡುವಂತಿರಲಿಲ್ಲ. ನೀರೆರೆಯುವ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳುವಂತೆಯೂ ಇರಲಿಲ್ಲ.

ದಾರಿ ತೋರಿಸಿದವನು ಬೀದಿಯ ಕೊಳಾಯಿ ಕೆಲಸದವನು. ತೊಟ್ಟಿಯ ಆಳ ಆರು ಅಡಿ. ಇಷ್ಟಕ್ಕೆ ಅರ್ಧ ಕುದುರೆಯೇ ಹೆಚ್ಚು, ನೆಲದ ಮೇಲೆ ಕೂರುವ ಪಂಪೇ ಸಾಕು ಎಂದ. ನೀರು ಹೀರುವ ಕೊಳವೆಯ ಬಾಯಿಯನ್ನು ತಳದಿಂದ ಒಂದಡಿ ಮೇಲೆ ನಿಲ್ಲಿಸಿದ. ಕೆಸರು ಕೆಳಗೇ ಉಳಿಯಲೆಂದು. ಕೊಳವೆಯ ನೀರು ಹಿಂದಕ್ಕೆ ಇಳಿಯದಂತೆ ಅಲ್ಲಿಗೊಂದು ಫುಟ್ ವಾಲ್ವ್ ಕೂರಿಸಿದ. ನೀರಿಲ್ಲದೆ ಓಡಿದರೆ ಪಂಪು ಕಾದು ಸುಟ್ಟುಹೋದೀತೆಂದು, ನೀರು ತಗ್ಗಿದೊಡನೆ ತಾನೇ ನಿಲ್ಲಿಸುವ ತೇಲುಗುಂಡನ್ನು ಅಳವಡಿಸಿದ. ಕಡೆಗೆ, “ಪೈಪನ್ನು ಗಿಡಗಳಿಗೆ ಎಳೆಯುವುದು ಬೇಡ ಸಾರ್, ಒಂದು ಡ್ರಮ್ಮಿಗೆ ಬಿಡೋಣ. ಅಲ್ಲಿಂದ ಯಜಮಾನರೇ ಹಾಕಿಕೊಳ್ಳಲಿ” ಎಂದ.

200 ಲೀಟರಿನ ಡ್ರಮ್ಮು ಬಂದಿತು. ಅದರ ಒಳಮೈಗೆ, 150 ಲೀಟರಿನ ಮಟ್ಟದಲ್ಲಿ, ತಂದೆಯವರು ತಾವೇ ಬಿಳಿಯ ಬಣ್ಣದಿಂದ ಗೆರೆಯೊಂದನ್ನು ಎಳೆದರು. ಗೆರೆ ಸ್ವಲ್ಪ ಸೊಟ್ಟಗಿದೆ. ಅಷ್ಟರಲ್ಲಿ ಕೈ ನಡುಗಿತ್ತು.

ಈಗ ಬೆಳಗಿನ ಹೊತ್ತು ಪಂಪು ನಾಲ್ಕಾರು ನಿಮಿಷ ಗುನುಗಿ ಸುಮ್ಮನಾಗುತ್ತದೆ. ನೀರು ಗೆರೆ ಮುಟ್ಟಿದೊಡನೆ ಗುಂಡಿ ಆರಿಸುವುದು ನನ್ನ ಕೆಲಸ. ಒಂದು ದಿನ ಪತ್ರಿಕೆ ಓದುತ್ತ ಮರೆತೆ. ನೀರು ಗೆರೆಗಿಂತ ನಾಲ್ಕು ಬೆರಳು ಮೇಲೇರಿತ್ತು. ತಂದೆಯವರು ಏನೂ ಅನ್ನಲಿಲ್ಲ. ಮರುದಿನ ಅಷ್ಟನ್ನೇ ಕಡಮೆ ತುಂಬಿಸೆಂದರು.

ಆಮೇಲೆ ಅವರು ಚೊಂಬು ಹಿಡಿದು, ಬಗ್ಗದೆ, ಅವಸರವಿಲ್ಲದೆ, ಗಿಡದಿಂದ ಗಿಡಕ್ಕೆ ನಡೆಯುತ್ತಾರೆ. ಮೊದಲ ಚೊಂಬು ಯಾವ ಮೂಲೆಗೆ ಹೋಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.